ಹಳೆಯ ಎಚ್61 ಡೆಸ್ಕ್‌ಟಾಪ್‌ಗೆ ಯಾವ ಎಸ್‌ಎಸ್‌ಡಿ?

ಐ3-2100 ಅಥವಾ ಐ5-3470 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. 2011ರ ನಂತರದ ಕೆಲವು ವರ್ಷ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಜೋಡಿಸಿಕೊಂಡು ಬಂದ ಎಷ್ಟೋ ಡಬ್ಬಿಗಳ ಒಳಗೆ ಇದ್ದದ್ದು ಇದೇ. ಟೈಪಿಂಗ್, ಬಿಲ್ಲಿಂಗ್, ಬ್ರೌಸರ್ ಕೆಲಸಕ್ಕೆ ಆ ಪ್ರೊಸೆಸರ್ ಇವತ್ತಿಗೂ ಸಾಕು. ಎಲ್ಲ ತಡವಾಗುವುದು ಡಿಸ್ಕಿನ ಬಾಗಿಲಲ್ಲಿ. ಅದಕ್ಕೆ ಮದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಚಿಪ್‌ಗಳಲ್ಲಿ ದತ್ತಾಂಶ ಇಡುವ ಡಿಸ್ಕ್. ಇಂಥ ಯಂತ್ರಕ್ಕೆ ಡಿರ‍್ಯಾಮ್ (ಒಳಗಿನ ವೇಗದ ಚಿಕ್ಕ ಸ್ಮರಣೆ) ಇರುವ ಸಾಟಾ (ಡಿಸ್ಕಿನ ಮಾಮೂಲಿ ಕೇಬಲ್ ಸಂಪರ್ಕ) ಎಸ್‌ಎಸ್‌ಡಿ, ಡಿರ‍್ಯಾಮ್ ಇಲ್ಲದ ಅಗ್ಗದ ಸಾಟಾ ಎಸ್‌ಎಸ್‌ಡಿ, ಬೋರ್ಡಿನ ಸ್ಲಾಟ್‌ಗೆ ಸಿಕ್ಕಿಸುವ ಪಿಸಿಐಇ ಕಾರ್ಡಿನ ಮೇಲೆ ಕೂರಿಸಿದ ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆ, ಈ ಮೂರನ್ನೂ ಹಾಕಿ ನೋಡಿದ ಮೇಲಿನ ಹೋಲಿಕೆ ಇದು.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಇಷ್ಟು ಹಳೆಯ ಪೋರ್ಟಿಗೆ ಎಸ್‌ಎಸ್‌ಡಿ ಹಾಕಿ ಪ್ರಯೋಜನವಿದೆಯೇ? ಎಚ್61ರ ನಾಲ್ಕು ಸಾಟಾ ಪೋರ್ಟ್‌ಗಳೂ ಸೆಕೆಂಡಿಗೆ 3 ಗಿಗಾಬಿಟ್‌ನವು. ಎನ್‌ಕೋಡಿಂಗ್‌ಗೆ ಹೋಗುವ ಹೆಚ್ಚುವರಿ ಬಿಟ್‌ಗಳನ್ನು ಕಳೆದರೆ 300 ಎಂಬಿ, ಕೈಗೆ ಸಿಗುವುದು 270-280 ಎಂಬಿ. ಡಬ್ಬದ ಮೇಲೆ 550 ಅಂತ ಬರೆದಿರುವ ಎಸ್‌ಎಸ್‌ಡಿ ಇಲ್ಲಿ ಅರ್ಧ ವೇಗಕ್ಕೆ ಇಳಿಯುತ್ತದೆ. ಹಾಗಾದರೆ ದುಡ್ಡು ದಂಡವೇ? ಅಲ್ಲ. 7200 ಆರ್‌ಪಿಎಂ ಡಿಸ್ಕಿನ ತಟ್ಟೆ ಒಂದು ಸುತ್ತು ಬರಲು 8.3 ಮಿಲಿಸೆಕೆಂಡ್ ಬೇಕು. ಸರಾಸರಿ ಅರ್ಧ ಸುತ್ತಿನ ಕಾಯುವಿಕೆ, ಜೊತೆಗೆ ಓದುವ ಹೆಡ್ ಸರಿಯಲು 8-9 ಮಿಲಿಸೆಕೆಂಡ್; ಒಟ್ಟು 12-13. ಅಂದರೆ ಚದುರಿ ಬಿದ್ದ ಪುಟ್ಟ ಕಡತಗಳಾದರೆ ಸೆಕೆಂಡಿಗೆ 80ರ ಆಸುಪಾಸು ಮಾತ್ರ ಓದಬಹುದು. ತಲಾ 4 ಕೆಬಿ ಹಿಡಿದರೆ 320 ಕೆಬಿ. ವಿಂಡೋಸ್ ಶುರುವಾಗುವಾಗ ನಡೆಯುವುದು ಬಹುತೇಕ ಇಂಥ ಚಿಲ್ಲರೆ ಓದುವಿಕೆಯೇ. ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ 20-30 ಎಂಬಿ ವೇಗದಲ್ಲಿ ಮುಗಿಸುತ್ತದೆ. ಈ 20-30 ಎಂಬಿ ಹಳೆಯ ಪೋರ್ಟಿನ ಮಿತಿಗಿಂತ ಎಷ್ಟೋ ಕೆಳಗಿದೆ. ಆದ್ದರಿಂದ ಬೂಟ್ ಆಗುವುದು, ವರ್ಡ್ ತೆರೆಯುವುದು ಇವುಗಳಲ್ಲಿ ಹಳೆಯ ಪೋರ್ಟಿಗೂ ಹೊಸದಕ್ಕೂ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ವಿಡಿಯೊ ಕಡತ ನಕಲಿಸುವಾಗ ಮಾತ್ರ ಗೊತ್ತಾಗುತ್ತದೆ.

ಪೋರ್ಟಿಗಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಎಸ್‌ಎಸ್‌ಡಿ ಒಳಗಿನ ಡಿರ‍್ಯಾಮ್. ಯಾವ ದತ್ತಾಂಶ ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು ಕಂಟ್ರೋಲರ್ ಅದರಲ್ಲಿ ಇಟ್ಟುಕೊಳ್ಳುತ್ತದೆ; 1 ಜಿಬಿ ಫ್ಲ್ಯಾಶ್‌ಗೆ ಸುಮಾರು 1 ಎಂಬಿ ನಕ್ಷೆ. ಕ್ರೂಶಿಯಲ್ ಎಂಎಕ್ಸ್500, ಸ್ಯಾಮ್‌ಸಂಗ್ 870 ಇವೊ ಇವುಗಳಲ್ಲಿ ಡಿರ‍್ಯಾಮ್ ಇದೆ. ಕ್ರೂಶಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400ಗಳಲ್ಲಿ ಇಲ್ಲ. ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಆದರೆ ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಸ್ವಲ್ಪ ಜಾಗ ಸಾಲ ಪಡೆಯಬಲ್ಲದು. ಸಾಟಾದಲ್ಲಿ ಆ ಸೌಲಭ್ಯವೇ ಇಲ್ಲ. ಹಗುರ ಕೆಲಸದಲ್ಲಿ ಡಿರ‍್ಯಾಮ್ ಇರುವುದೂ ಇಲ್ಲದ್ದೂ ಒಂದೇ ಅನ್ನಿಸುತ್ತವೆ. 4 ಜಿಬಿ ರ‍್ಯಾಮ್ ತುಂಬಿ ಪೇಜ್‌ಫೈಲ್‌ಗೆ (ರ‍್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಬರವಣಿಗೆ ನಡೆಯುತ್ತಿರುವಾಗಲೇ ಹಿನ್ನೆಲೆಯಲ್ಲಿ ಅಪ್‌ಡೇಟ್ ಶುರುವಾದರೆ ಅಗ್ಗದ್ದು ಆಗಾಗ ತಡವರಿಸುತ್ತದೆ, ಮೌಸ್ ಕ್ಲಿಕ್ ಮಾಡಿದರೂ ಒಂದೆರಡು ಸೆಕೆಂಡ್ ಸುಮ್ಮನಿರುತ್ತದೆ. ಹತ್ತಾರು ಜಿಬಿ ಒಟ್ಟಿಗೆ ಬರೆದರೆ ಎಸ್‌ಎಲ್‌ಸಿ ಕ್ಯಾಶ್ (ಬರವಣಿಗೆಯನ್ನು ಮೊದಲು ಹಿಡಿದಿಡುವ ವೇಗದ ಭಾಗ) ಮುಗಿದು ವೇಗ ಹಾರ್ಡ್‌ಡಿಸ್ಕಿನ ಮಟ್ಟಕ್ಕೆ ಕುಸಿಯುವುದೂ ಇದೆ.

ಬಾಳಿಕೆಯ ಭರವಸೆಯಲ್ಲೂ ಅಂತರ ದೊಡ್ಡದು. 870 ಇವೊ 500 ಜಿಬಿಗೆ 300 ಟಿಬಿ ಬರವಣಿಗೆ, ಎಂಎಕ್ಸ್500ರ 500 ಜಿಬಿಗೆ 180 ಟಿಬಿ. ಎರಡಕ್ಕೂ 5 ವರ್ಷ ವಾರಂಟಿ. ಬಿಎಕ್ಸ್500ರ 480 ಜಿಬಿಗೆ 120 ಟಿಬಿ, 3 ವರ್ಷ. ಬಿಲ್ಲಿಂಗ್ ಕೌಂಟರಿನ ಯಂತ್ರಕ್ಕೆ 240 ಜಿಬಿ ಎ400 ಹಾಕಿದರೂ ತೊಂದರೆಯಿಲ್ಲ, ಶೇ. 80 ದಾಟಿ ತುಂಬಿಸದಿದ್ದರೆ ಸರಿ. ದಿನವಿಡೀ ಫೋಟೊ, ಪುಟವಿನ್ಯಾಸ ಮಾಡುವವರು ಮಾತ್ರ ಡಿರ‍್ಯಾಮ್ ಇರುವುದನ್ನೇ ಕೊಳ್ಳಬೇಕು. ಅಲ್ಲಿ ಉಳಿಸಿದ ದುಡ್ಡು ಆಮೇಲೆ ಕಾಯುವುದರಲ್ಲಿ ಖರ್ಚಾಗುತ್ತದೆ.

ಇನ್ನು ಎನ್‌ವಿಎಂಇ. ಕಾರ್ಡ್ ಅಗ್ಗ, ವೇಗದ ಅಂಕಿ ಆಸೆ ಹುಟ್ಟಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಉದ್ದದ ಸ್ಲಾಟ್ ಖಾಲಿ ಇದ್ದರೆ ಪಿಸಿಐಇ 2.0ರ ನಾಲ್ಕು ಲೇನ್‌ಗಳಲ್ಲಿ (ದತ್ತಾಂಶ ಸಾಗುವ ಹಾದಿಗಳಲ್ಲಿ) 1500-1700 ಎಂಬಿ ಸಿಗುತ್ತದೆ. ಉಳಿದಿರುವುದು ಗಿಡ್ಡ ಸ್ಲಾಟ್ ಮಾತ್ರ ಅಂದರೆ ಒಂದೇ ಲೇನ್, 400ರ ಆಸುಪಾಸು. ತೊಡಕು ವೇಗದಲ್ಲಿಲ್ಲ, ಬೂಟ್‌ನಲ್ಲಿದೆ. ಎಚ್61 ಕಾಲದ ಬಯೋಸ್‌ಗೆ (ಯಂತ್ರವನ್ನು ಏಳಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಎನ್‌ವಿಎಂಇ ಅಂದರೆ ಏನೆಂದೇ ಗೊತ್ತಿಲ್ಲ. ಲಿನಕ್ಸ್‌ನಲ್ಲಿ ದಾರಿ ಸುಲಭ: ಗ್ರಬ್ (ಲಿನಕ್ಸ್‌ನ ಬೂಟ್‌ಲೋಡರ್) ಮತ್ತು ಬೂಟ್ ವಿಭಾಗವನ್ನು ಹಳೆಯ ಸಾಟಾ ಡಿಸ್ಕಿನಲ್ಲಿಟ್ಟು ಉಳಿದದ್ದನ್ನು ಎನ್‌ವಿಎಂಇ ಮೇಲೆ ಹಾಕಬಹುದು, ಕರ್ನಲ್ (ಲಿನಕ್ಸ್‌ನ ತಿರುಳು) ಒಮ್ಮೆ ಎದ್ದರೆ ತನ್ನದೇ ಡ್ರೈವರ್ ಬಳಸುತ್ತದೆ. ವಿಂಡೋಸ್ 10ಕ್ಕೆ ಯುಎಸ್‌ಬಿಯಲ್ಲಿ ಕ್ಲೋವರ್ ಬೂಟ್‌ಲೋಡರ್ ಸದಾ ಚುಚ್ಚಿಟ್ಟಿರಬೇಕು. ಬಯೋಸ್‌ಗೇ ಎನ್‌ವಿಎಂಇ ಮಾಡ್ಯೂಲ್ ಸೇರಿಸಿ ಮತ್ತೆ ಬರೆಯುವವರೂ ಇದ್ದಾರೆ. ಆದರೆ ಎಷ್ಟೋ ಬೋರ್ಡ್‌ಗಳ ಬಯೋಸ್ ಚಿಪ್ 4 ಎಂಬಿಯದು, ಜಾಗ ಸಾಲದೇ ಹೋಗಬಹುದು. ಬರೆಯುವುದು ಕೆಟ್ಟರೆ ಸಿಎಚ್341ಎ ಪ್ರೋಗ್ರಾಮರ್ (ಚಿಪ್‌ಗೆ ನೇರವಾಗಿ ಬರೆಯುವ ಸಾಧನ) ಇಲ್ಲದೆ ಬೋರ್ಡ್ ಏಳುವುದಿಲ್ಲ. ವಿಂಡೋಸ್ 7ಕ್ಕೆ ಎನ್‌ವಿಎಂಇ ಡ್ರೈವರನ್ನೇ ಪ್ರತ್ಯೇಕವಾಗಿ ಸೇರಿಸಬೇಕು. ನುಡಿ, ಪೇಜ್‌ಮೇಕರ್‌ಗಾಗಿ ವಿಂಡೋಸ್ 7 ಬಿಡಲಾಗದ ಡಿಟಿಪಿ ಅಂಗಡಿಯವರು ಈ ದಾರಿಯತ್ತ ನೋಡುವುದೇ ಬೇಡ. ಇಷ್ಟೆಲ್ಲ ಮಾಡಿದರೂ ದಿನನಿತ್ಯದ ಬಳಕೆಯಲ್ಲಿ ಸಾಟಾಗಿಂತ ಚುರುಕು ಅನ್ನಿಸುವುದು ತೀರಾ ಕಡಿಮೆ, ಕಾರಣ ಮೇಲಿನ ಚಿಲ್ಲರೆ ಓದುವಿಕೆಯ ಲೆಕ್ಕವೇ. ಇನ್ನೊಂದು ಎಚ್ಚರಿಕೆ: ಎಂ.2 ಆಕಾರದ (ಚಪ್ಪಟೆ ಪಟ್ಟಿಯಂಥ) ಸಾಟಾ ಎಸ್‌ಎಸ್‌ಡಿಯನ್ನು ಎನ್‌ವಿಎಂಇ ಕಾರ್ಡಿಗೆ ಸಿಕ್ಕಿಸಿದರೆ ಕೂರುತ್ತದೆ, ಕಾಣಿಸಿಕೊಳ್ಳುವುದಿಲ್ಲ.

ಎಎಸ್‌ಎಂ1061 ಚಿಪ್ ಇರುವ ಸಾಟಾ 3 (6 ಗಿಗಾಬಿಟ್) ಕಾರ್ಡ್ ಹಾಕಿದರೂ ಒಂದೇ ಲೇನ್ ಆದ್ದರಿಂದ 400 ಎಂಬಿ ದಾಟುವುದಿಲ್ಲ. ಬೇಡ. ಆ ದುಡ್ಡಿಗೆ ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ಹಾಕಿದರೆ ಪೇಜ್‌ಫೈಲ್ ಹಾವಳಿಯೇ ತಗ್ಗುತ್ತದೆ.

ಎಚ್61ರ ಬದಲು ಎಚ್67, ಬಿ75, ಎಚ್81 ಬೋರ್ಡ್ ಇದ್ದರೆ ಕೆಲವು ಪೋರ್ಟ್‌ಗಳು 6 ಗಿಗಾಬಿಟ್‌ನವು: ಎಚ್67 ಮತ್ತು ಎಚ್81ರಲ್ಲಿ ಎರಡು, ಬಿ75ರಲ್ಲಿ ಒಂದೇ. ಬೋರ್ಡಿನ ಕೈಪಿಡಿ ನೋಡಿ ಆ ಪೋರ್ಟಿಗೇ ಸಿಕ್ಕಿಸಿ.

ಜೋಡಿಸುವಾಗ ಕೆಡುವುದು ಸಣ್ಣ ವಿಷಯಗಳಲ್ಲಿ. ಎಸ್‌ಎಸ್‌ಡಿಗೆ ಬೇಕಾದದ್ದು ಎಂ3 ಸ್ಕ್ರೂ. ಹಾರ್ಡ್‌ಡಿಸ್ಕಿನ ದಪ್ಪ ಸ್ಕ್ರೂ ತಿರುಗಿಸಿದರೆ ಎಳೆ ಹಾಳು. ಎಸ್‌ಎಂಪಿಎಸ್‌ನಲ್ಲಿ (ವಿದ್ಯುತ್ ಪೂರೈಸುವ ಡಬ್ಬಿ) ಸಾಟಾ ಪವರ್ ಇಲ್ಲದೆ ಮೋಲೆಕ್ಸ್ (ಹಳೆಯ ನಾಲ್ಕು ಪಿನ್ನಿನ ಪ್ಲಗ್) ಅಡಾಪ್ಟರ್ ಬಳಸುವುದಾದರೆ ಪ್ಲಾಸ್ಟಿಕ್ ಎರಕ ಹೊಯ್ದದ್ದು ಬೇಡ, ಒಳಗೆ ತಂತಿಗಳು ತಗುಲಿ ಶಾರ್ಟ್ ಆಗಿ ಸುಡುವ ಅಪಾಯವಿದೆ. ತಂತಿ ಒಂದೊಂದಾಗಿ ಕ್ರಿಂಪ್ ಆಗಿರುವುದನ್ನು ಆರಿಸಿ. ಹಳೆಯ ಸಾಟಾ ಕೇಬಲ್ ಸಡಿಲವಾಗಿದ್ದರೆ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕ್ ತಾನೇ ಇಡುವ ಆರೋಗ್ಯದ ದಾಖಲೆ) ಸಿ7, ಅಂದರೆ ದತ್ತಾಂಶ ಸಾಗುವಾಗಿನ ಸಿಆರ್‌ಸಿ ದೋಷದ ಎಣಿಕೆ ಏರುತ್ತದೆ. ಬದಲಾಯಿಸಬೇಕಾದದ್ದು ಡಿಸ್ಕಲ್ಲ, ಕೇಬಲ್.

ಇದ್ದ ವ್ಯವಸ್ಥೆಯನ್ನೇ ಕ್ಲೋನೆಜಿಲಾ ಎಂಬ ನಕಲು ತಂತ್ರಾಂಶದಿಂದ ಇಡಿಯಾಗಿ ನಕಲಿಸುವವರು 500 ಜಿಬಿ ಡಿಸ್ಕಿಗೆ 480ರ ಎಸ್‌ಎಸ್‌ಡಿ ಕೊಳ್ಳದಿರುವುದು ಒಳ್ಳೆಯದು. ಗುರಿ ಚಿಕ್ಕದೆಂದು ಅದು ನಿಲ್ಲುತ್ತದೆ, ಮೊದಲು ಪಾರ್ಟಿಶನ್ ಕುಗ್ಗಿಸಬೇಕಾಗುತ್ತದೆ. 500 ಜಿಬಿ ಎಸ್‌ಎಸ್‌ಡಿಯಲ್ಲಿ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಎಣಿಕೆ ಸಾಮಾನ್ಯವಾಗಿ ಹಾರ್ಡ್‌ಡಿಸ್ಕಿನಷ್ಟೇ: 97,67,73,168. ಎಕ್ಸ್‌ಪಿ ಕಾಲದಲ್ಲಿ ಮಾಡಿದ ಪಾರ್ಟಿಶನ್ 63ನೇ ಸೆಕ್ಟರಿನಿಂದ ಶುರುವಾಗಿರುತ್ತದೆ, ನಕಲಿಸಿದರೆ ಆ ತಪ್ಪು ಜೋಡಣೆಯೂ ಜೊತೆಗೇ ಬಂದು ಪ್ರತಿ ಬರವಣಿಗೆ ಫ್ಲ್ಯಾಶ್‌ನ ಎರಡೆರಡು ಪುಟಕ್ಕೆ ಹರಡುತ್ತದೆ. ಹಾಗಿದ್ದರೆ ಹೊಸದಾಗಿ 2048ನೇ ಸೆಕ್ಟರಿನಿಂದ ಶುರುಮಾಡಿ.

ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ (ಹಳೆಯ ವಿಧಾನ) ಎಂದಿದ್ದರೆ ಎಎಚ್‌ಸಿಐಗೆ (ಹೊಸ ವಿಧಾನ) ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ನೀಲಿ ಪರದೆ, 7ಬಿ ದೋಷ. ವಿಂಡೋಸ್ 10ರಲ್ಲಿ ಮೊದಲು ಎಂಎಸ್‌ಕಾನ್ಫಿಗ್‌ನಿಂದ ಸೇಫ್ ಬೂಟ್ ಆರಿಸಿ, ರೀಸ್ಟಾರ್ಟ್ ಮಾಡಿ ಬಯೋಸ್ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಟಿಕ್ ತೆಗೆಯಿರಿ. ವಿಂಡೋಸ್ 7ರಲ್ಲಿ ರಿಜಿಸ್ಟ್ರಿಯ ಎಂಎಸ್‌ಎಎಚ್‌ಸಿಐ ಸೇವೆಯ ಸ್ಟಾರ್ಟ್ ಮೌಲ್ಯವನ್ನು ಮೊದಲೇ 0 ಮಾಡಿಡಬೇಕು.

ನಕಲು ಮುಗಿದ ಮೇಲಿನ ಮೊದಲ ಬೂಟ್‌ಗೆ ಹಳೆಯ ಡಿಸ್ಕಿನ ಕೇಬಲ್ ಕಳಚಿಡಿ. ಎರಡಕ್ಕೂ ಒಂದೇ ಡಿಸ್ಕ್ ಸಿಗ್ನೇಚರ್ (ಗುರುತಿನ ಸಂಖ್ಯೆ) ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡುವಾಗಲೂ ಅದು ಕಳಚಿರಲಿ. ಇಲ್ಲದಿದ್ದರೆ ಬೂಟ್ ಕಡತಗಳು ಹಳೆಯ ಡಿಸ್ಕಿನಲ್ಲೇ ಕುಳಿತು, ಮುಂದೊಂದು ದಿನ ಅದನ್ನು ತೆಗೆದಾಗ ಯಂತ್ರ ಏಳುವುದೇ ಇಲ್ಲ.