ಬಾಸ್ಟನ್ ಚಳಿಗೆ ಹೀಟ್ ಪಂಪ್: ಎರಡು ಚಳಿಗಾಲಗಳ ನಂತರ

ಬಾಸ್ಟನ್ ಬಳಿಯ ನಮ್ಮ ಹಳೆಯ ಮನೆಯಲ್ಲಿ ಮನೆ ಕಾಯಿಸುತ್ತಿದ್ದ ಎಣ್ಣೆಯ ಬಾಯ್ಲರ್ ತೆಗೆಸಿ, ಅದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡುವ ಹೀಟ್ ಪಂಪ್ ಹಾಕಿಸಿ ಎರಡು ಚಳಿಗಾಲಗಳಾದವು. ಯಂತ್ರಕ್ಕಿಂತ ಅದನ್ನು ಕೂರಿಸುವವರನ್ನು ಆರಿಸುವುದೇ ದೊಡ್ಡ ಕೆಲಸ. ಮೊದಲು ಬಂದವರು ಮನೆ ಎಷ್ಟು ಚದರಡಿ ಎಂದು ಕೇಳಿ, ಕಿಟಕಿಗಳತ್ತ ಕಣ್ಣೂ ಹಾಯಿಸದೆ 5 ಟನ್ ಸಾಮರ್ಥ್ಯದ (ಎಸಿಗೆ ಹೇಳುವಂಥದ್ದೇ ಟನ್, ತೂಕವಲ್ಲ) ಯಂತ್ರ ಬೇಕೆಂದರು. ಎರಡನೆಯವರು ಅಟ್ಟ ಹತ್ತಿ ನೋಡಿ, ಒಂದೊಂದು ಕೋಣೆಗೂ ಬೇರೆ ಲೆಕ್ಕ ಹಾಕಿ 3 ಟನ್ ಸಾಕೆಂದರು. ಅವರ ಮಾತೇ ನಿಜವಾಯಿತು. ಅಗತ್ಯಕ್ಕಿಂತ ದೊಡ್ಡ ಯಂತ್ರ ಪದೇ ಪದೇ ನಿಂತು ಹೊರಡುತ್ತದೆ. ಬೇಸಿಗೆಯಲ್ಲಿ ತೇವವನ್ನೂ ಸರಿಯಾಗಿ ತೆಗೆಯುವುದಿಲ್ಲ.

ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಒಳಗೆ ಸಾಗಿಸುತ್ತದೆ. ಹಾಗಾಗಿ ಚಳಿ ಏರಿದಷ್ಟೂ ಅದರ ಕಸುವು ಇಳಿಯುತ್ತದೆ. ಕೊಳ್ಳುವಾಗ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಶಾಖ ಕೊಡುತ್ತದೆ ಎಂದು ಕೇಳಿ. ಅಷ್ಟೇನೂ ಚಳಿಯಿಲ್ಲದ 8 ಡಿಗ್ರಿಯ ಅಂಕಿಗೆ ಮರುಳಾಗಬೇಡಿ.

ಜನವರಿಯ ಒಂದು ಬೆಳಿಗ್ಗೆ ಹೊರಗಿನ ಘಟಕದಿಂದ ದಟ್ಟ ಹಬೆ ಏಳುವುದನ್ನು ಕಂಡು ನನಗೆ ಎದೆ ಧಸಕ್ಕೆಂದಿತು. ಸುರುಳಿಗಳ ಮೇಲೆ ಕಟ್ಟಿದ್ದ ಮಂಜನ್ನು ಅದು ತಾನೇ ಕರಗಿಸಿಕೊಳ್ಳುತ್ತಿತ್ತು, ಅಷ್ಟೆ. ಆ ನೀರು ಹರಿದುಹೋಗಲು ಜಾಗವಿರಬೇಕು, ಘಟಕ ಹಿಮದಲ್ಲಿ ಹೂತುಹೋಗಲೂಬಾರದು. ಎತ್ತರದ ಕಾಲುಗಳ ಮೇಲೆಯೇ ಕೂರಿಸಿಕೊಳ್ಳಿ.

ಹಳೆಯ ಬಾಯ್ಲರ್‌ನಿಂದ ಕಾಯುತ್ತಿದ್ದ ರೇಡಿಯೇಟರ್ ಪಕ್ಕ ಕುಳಿತು ಕೈ ಕಾಯಿಸಿಕೊಳ್ಳುವ ಸುಖ ಈಗಿಲ್ಲ. ಅಮ್ಮ ಬಂದಾಗಲೆಲ್ಲ ಅದನ್ನು ನೆನೆಯುತ್ತಾರೆ. ಆದರೆ ಅಡುಗೆಮನೆ ಹಗಲಿರುಳೂ 21 ಡಿಗ್ರಿಯಲ್ಲೇ ಇರುತ್ತದೆ. ಫೆಬ್ರವರಿಯಲ್ಲೂ ದೋಸೆ ಹಿಟ್ಟು ಬೆಳಿಗ್ಗೆಗಲ್ಲದಿದ್ದರೆ ಮಧ್ಯಾಹ್ನಕ್ಕಾದರೂ ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುತ್ತದೆ.