ಬಾಗಿಲು ಎಳೆದ ಮೇಲೆ ನನ್ನ ಸ್ಟುಡಿಯೋದಲ್ಲಿ 96 ಸಿಪಾಯಿಗಳು

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಹಳೇ ಫೋಟೋ ಸ್ಟುಡಿಯೋ ಉಂಟು. ಈಗ ಬರುವವರೆಲ್ಲ ಪಾಸ್‌ಪೋರ್ಟ್ ಸೈಜಿನ ಗಿರಾಕಿಗಳು. ಆಟಿ ತಿಂಗಳ ಮಳೆಗೆ ಅವರೂ ಇಲ್ಲ. ಕಳೆದ ವರ್ಷ ಹಾಗೇ ಸುಮ್ನೆ ಕೂತು ಮೊಬೈಲ್ ಒತ್ತುವಾಗ 1956ರ ಒಂದು ನ್ಯೂಸ್‌ರೀಲ್ ಸಿಕ್ಕಿತು. ಪೀಟರ್ ಕುಶಿಂಗ್ ಅಂತ ಇಂಗ್ಲೆಂಡಿನ ನಟ. ಭೂತಪ್ರೇತದ ಸಿನಿಮಾಗಳಲ್ಲಿ ಕೆನ್ನೆ ಗುಳಿಬಿದ್ದ ಮುಖ ತೋರಿಸಿ ಊರನ್ನೇ ಹೆದರಿಸಿದವರು. ಅಂಥವರು ಗೊಂಬೆ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತಾ ಕೂತಿದ್ದಾರೆ! ಆಮೇಲೆ ಅವನ್ನೇ ಸಾಲಾಗಿ ನಿಲ್ಲಿಸಿ ಯುದ್ಧದಾಟ.

ನನಗೆ ಕೈ ತುರಿಸಿತು. ಕಪ್ಪು ಬಿಳುಪಿನ ಕಾಲದಲ್ಲಿ ನೆಗೆಟಿವ್ ಟಚಿಂಗ್ ಮಾಡಿ, ಪ್ರಿಂಟಿಗೆ ಬಣ್ಣ ಹಚ್ಚಿದ ಕೈ ಇದು. ಮದುಮಗಳ ತುಟಿಗೆ ಕೆಂಪು, ಸೀರೆಯ ಅಂಚಿಗೆ ಹಳದಿ, ಎಲ್ಲ ಸೊನ್ನೆ ಸೊನ್ನೆ ನಂಬರಿನ ಬ್ರಷ್ಷಿನಲ್ಲೇ. ಆ ಬ್ರಷ್ಷುಗಳು ಡ್ರಾಯರಿನಲ್ಲಿ ಇನ್ನೂ ಇವೆ. ಹಾಗಾಗಿ ಆನ್‌ಲೈನಿನಲ್ಲಿ ಎರಡು ಡಬ್ಬ ಪ್ಲಾಸ್ಟಿಕ್ ಸಿಪಾಯಿ ತರಿಸಿದೆ. 1815ರ ವಾಟರ್ಲೂ ಯುದ್ಧದವರು. ಒಂದರಲ್ಲಿ ಇಂಗ್ಲಿಷರು, ಇನ್ನೊಂದರಲ್ಲಿ ಫ್ರೆಂಚರು, 48 ಮತ್ತು 48. ಡಬ್ಬಕ್ಕೆ 1,400 ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಬೈಯಲಿಕ್ಕೂ ಸ್ವಲ್ಪ ಉಂಟು.

ಮೊದಲು ಒಳ್ಳೆಯದು ಹೇಳುತ್ತೇನೆ. ಇವು 1/72 ಅಳತೆಯವು. ಅಂದರೆ 175 ಸೆಂ.ಮೀ. ಎತ್ತರದ ಮನುಷ್ಯ ಇಲ್ಲಿ 24 ಮಿ.ಮೀ. ಸುಲಿದ ಅಡಿಕೆಯಷ್ಟೇ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಕೋಟಿನ ಗುಂಡಿ, ಬೆನ್ನಿಗೆ ಕಟ್ಟಿದ ಚೀಲದ ಪಟ್ಟಿ, ಬಂದೂಕಿನ ಕುದುರೆ, ಎಲ್ಲ ಕಾಣುತ್ತದೆ. ಒಬ್ಬ ಬಾಯಿಯಲ್ಲಿ ತೋಟಾದ ಕಾಗದ ಕಚ್ಚಿ ಹರಿಯುತ್ತಿದ್ದಾನೆ. ಆ ಕಾಲದಲ್ಲಿ ಮದ್ದು ತುಂಬುತ್ತಿದ್ದದ್ದು ಹಾಗೆಯೇ. ಅವನ ಹಲ್ಲು ನೋಡಲು ನಾನು ಎನ್‌ಲಾರ್ಜರಿನ ಹಳೇ ಲೆನ್ಸ್ ಹಿಡಿಯಬೇಕಾಯಿತು. ಹಲ್ಲು ಇದೆ!

ಇನ್ನು ಬೈಗುಳ. ಈ ಪ್ಲಾಸ್ಟಿಕ್ ಮೆತ್ತಗೆ, ಬಕೆಟಿನ ಜಾತಿಯದ್ದು. ಅಚ್ಚಿನ ಎಣ್ಣೆ ಅಂಟಿಕೊಂಡೇ ಬರುತ್ತದೆ. ಡಬ್ಬದ ಮೇಲೆ ಆ ಬಗ್ಗೆ ಒಂದಕ್ಷರ ಇಲ್ಲ. ನಾನು ನೇರ ಬಣ್ಣ ಹಚ್ಚಿದೆ. ಮರುದಿನ ಬಂದೂಕು ಬಗ್ಗಿಸಿದ್ದೇ ತಡ, ಬಣ್ಣ ಹಾವಿನ ಪೊರೆಯ ಹಾಗೆ ಸುಲಿದು ಬಂತು. ಹನ್ನೆರಡು ಜನರ ಕೆಲಸ ನೀರಿಗೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೇ ಟೂತ್‌ಬ್ರಷ್ ಹಾಕಿ ತಿಕ್ಕಬೇಕು, ಒಣಗಿಸಬೇಕು, ಬಣ್ಣ ಹಿಡಿಯಲಿಕ್ಕೆ ಅಡಿಗೆ ಹಚ್ಚುವ ಪ್ರೈಮರ್ ಕೊಡಬೇಕು. ಆಮೇಲೆ ಅಕ್ರಿಲಿಕ್ ಬಣ್ಣ, ನೀರು ಬೆರೆಸಿ ತೆಳ್ಳಗೆ ಎರಡು ಸಲ. ಕೊನೆಗೆ ತುಂಬಾ ನೀರಾದ ಕಂದು ಬಣ್ಣ ಒಂದು ಕೈ. ಅದು ಮಡಿಕೆಗಳಿಗೆ ಇಳಿದು ನೆರಳು ಕೊಡುತ್ತದೆ. ಆಗಲೇ ಗೊಂಬೆಗೆ ಜೀವ ಬರುವುದು. ಜತೆಗೆ ಮಾರುವ 1,200 ರೂಪಾಯಿಯ ಬಣ್ಣದ ಸೆಟ್ ಖಂಡಿತ ಬೇಡ. ಆರು ಬಾಟ್ಲಿಯಲ್ಲಿ ಎರಡು ಗಟ್ಟಿಯಾಗಿದ್ದವು. ಶಾಲೆ ಮಕ್ಕಳ ಬಣ್ಣವೇ ಸಾಕು, ಬ್ರಷ್ ಮಾತ್ರ ಒಳ್ಳೇದಿರಲಿ.

ಗಿರಾಕಿ ಬಂದರೆ ಸಿಪಾಯಿಗಳನ್ನೆಲ್ಲ ಆಲ್ಬಮ್ ರಟ್ಟಿನ ಅಡಿಗೆ ದೂಡುತ್ತಿದ್ದೆ. ಅರವತ್ತಾರರ ಗಂಡಸು ಗೊಂಬೆ ಹಿಡಿದು ಕೂತರೆ ಪೇಟೆಯಲ್ಲಿ ಏನಾಗುತ್ತದೆ ಗೊತ್ತಲ್ವಾ? ಆದರೆ ಹುಡುಕುತ್ತಾ ಹೋದರೆ ನನ್ನ ಹಾಗಿನವರು ದೊಡ್ಡ ದೊಡ್ಡ ಮನೆಗಳಲ್ಲೇ ಇದ್ದಾರೆ. ಸೂಪರ್‌ಮ್ಯಾನ್ ಆದ ಹೆನ್ರಿ ಕ್ಯಾವಿಲ್ 2020ರ ಲಾಕ್‌ಡೌನಿನಲ್ಲಿ ವಾರ್‌ಹ್ಯಾಮರ್ ಎಂಬ ಯುದ್ಧದಾಟದ ಗೊಂಬೆಗಳಿಗೆ ಬಣ್ಣ ಹಚ್ಚುವುದನ್ನು ತಾವೇ ತೋರಿಸಿದರು. ಹಾಡುಗಾರ ಫಿಲ್ ಕಾಲಿನ್ಸ್ ಟೆಕ್ಸಸಿನ ಅಲಾಮೊ ಕಾಳಗದ ಹಳೇ ವಸ್ತು ಒಟ್ಟು ಮಾಡಿ ಮಾಡಿ, 2014ರಲ್ಲಿ 200ಕ್ಕೂ ಜಾಸ್ತಿ ವಸ್ತುಗಳನ್ನು ಅಲ್ಲಿಗೇ ಕೊಟ್ಟುಬಿಟ್ಟರು. ಚರ್ಚಿಲರ ಹತ್ತಿರ ಹುಡುಗರಾಗಿದ್ದಾಗಲೇ 1,500ರಷ್ಟು ಸಿಪಾಯಿಗಳಿದ್ದವಂತೆ. ಎದುರಿನ ಆಟೋ ಸ್ಟಾಂಡಿನ ಗೆಳೆಯನಿಗೆ ಇದನ್ನು ಹೇಳಿದೆ. "ಲಾಲೇಟ್ಟನ್ ಕೂಡ ಕರ್ನಲ್ ಅಲ್ವಾ ಮಾರಾಯ್ರೆ, ಅವರ ಮನೇಲೂ ಇರಬಹುದು" ಅಂದ. ಅವನ ಲಾಲೇಟ್ಟನ್, ಅಂದರೆ ನಟ ಮೋಹನ್‌ಲಾಲ್ 2009ರಲ್ಲಿ, ಧೋನಿ 2011ರಲ್ಲಿ ಟೆರಿಟೋರಿಯಲ್ ಆರ್ಮಿಯ ಗೌರವ ಲೆಫ್ಟಿನೆಂಟ್ ಕರ್ನಲ್ ಆದದ್ದು ಹೌದು. ಅದು ಸಮವಸ್ತ್ರದ ಮಾತಾಯಿತು. ಯಾರ ಮಂಚದಡಿಯಲ್ಲಿ ಎಂತ ಡಬ್ಬ ಉಂಟು ಅಂತ ನಾನು ಹೇಗೆ ಹೇಳಲಿ? ನನ್ನದೇ ನನ್ನ ಹೆಂಡತಿಗೆ ಎರಡು ತಿಂಗಳು ಗೊತ್ತಿರಲಿಲ್ಲ.

ಡಬ್ಬದಲ್ಲಿ ಆಡುವ ನಿಯಮ ಕೊಟ್ಟಿಲ್ಲ. ಅದಕ್ಕೆ ಕುಶಿಂಗ್ ಹಿಡಿದ ದಾರಿಯನ್ನೇ ಹಿಡಿದೆ. ಕತೆಗಾರ ಎಚ್.ಜಿ. ವೆಲ್ಸ್ 1913ರಲ್ಲಿ ಬರೆದ 'ಲಿಟಲ್ ವಾರ್ಸ್' ಈಗ ಪುಕ್ಕಟೆ ಸಿಗುತ್ತದೆ. 12 ವರ್ಷದಿಂದ 150 ವರ್ಷದವರೆಗಿನ ಹುಡುಗರಿಗೆ ಅಂತ ಅದರಲ್ಲೇ ಬರೆದಿದೆ, ಹಾಗಾಗಿ ನನಗೆ ಇನ್ನೂ ಸಮಯ ಉಂಟು. ಕಾಲಾಳು ಒಂದು ಸಲಕ್ಕೆ ಒಂದು ಅಡಿ, ಕುದುರೆ ಎರಡು ಅಡಿ. ಸೇನೆ ನಿಲ್ಲಿಸುವಾಗ ನಡುವೆ ಪರದೆ ಎಳೆದಿರಬೇಕು, ಆಚೆಯವರಿಗೆ ಕಾಣಬಾರದು. ಪರದೆಗೆ ನನ್ನಲ್ಲಿ ಬರವೇ? ತಾಜ್ ಮಹಲ್ ಬರೆದ ಹಳೇ ಬ್ಯಾಕ್‌ಗ್ರೌಂಡ್ ಇಳಿಬಿಟ್ಟೆ.

ರಜೆಗೆ ಬಂದ ಪುಳ್ಳಿ ಆಚೆ, ನಾನು ಈಚೆ. ನೆಲಕ್ಕೆ ಚಾಕಿನಲ್ಲಿ ಬೇಕಲ ಕೋಟೆ ಬರೆದೆವು. ಬೀಗದ ಕೈ ತೂತಿನ ಆಕಾರ, ಒಂದು ಬದಿಗೆ ಕಡಲು. ವೆಲ್ಸರ ಸ್ಪ್ರಿಂಗ್ ಫಿರಂಗಿ ಒಂಬತ್ತು ಗಜ ದೂರದ ಸಿಪಾಯಿಯನ್ನು ಹತ್ತರಲ್ಲಿ ಒಂಬತ್ತು ಸಲ ಉರುಳಿಸುತ್ತಿತ್ತಂತೆ. ನನ್ನದು ಪೆನ್ನಿನ ಸ್ಪ್ರಿಂಗು, ಗುಂಡಿಗೆ ಹಿಡಿಸೂಡಿ ಕಡ್ಡಿಯ ತುಂಡು. ಮೂರು ಹೆಜ್ಜೆಗೆ ಹತ್ತರಲ್ಲಿ ಎರಡು ತಾಗಿದರೆ ಪುಣ್ಯ. ಪುಳ್ಳಿ ಮಾತ್ರ ನೆಲಕ್ಕೆ ಹೊಟ್ಟೆ ಕೊಟ್ಟು, ಒಂದು ಕಣ್ಣು ಮುಚ್ಚಿ, ನನ್ನ ಏಳು ಜನರನ್ನು ಕೆಡವಿದಳು.

"ಅಜ್ಜ, ಬೇಕಲದಲ್ಲಿ ಇವರು ಎಂತಕ್ಕೆ? ಇವರು ಫ್ರಾನ್ಸಿನವರಲ್ವಾ?" ಅಂತ ಕೇಳಿದಳು.

ಸರಿಯಾದ ಪ್ರಶ್ನೆ. ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ನಾನು ಕೊಂಡ ಕಡೆ ಕೆಳದಿಯವರ ಡಬ್ಬ ಇಲ್ಲ, ಹೈದರಾಲಿಯ ಸೈನ್ಯವೂ ಇಲ್ಲ. ನೆಪೋಲಿಯನ್ನನವರು ಮಾತ್ರ ಹದಿನಾಲ್ಕು ಬಗೆ. ಅದಕ್ಕೆ ಐದು ಫ್ರೆಂಚರ ಉದ್ದ ಟೊಪ್ಪಿಯನ್ನು ಬ್ಲೇಡಿನಲ್ಲಿ ಕೊಯ್ದು, ಹೊಲಿಗೆ ನೂಲು ಸುತ್ತಿ ಮುಂಡಾಸು ಮಾಡಿದೆ. ಯಾವ ಗಮ್ಮೂ ಈ ಪ್ಲಾಸ್ಟಿಕ್ಕಿಗೆ ನೆಟ್ಟಗೆ ಹಿಡಿಯುವುದಿಲ್ಲ. ಕಾಯಿಸಿದ ಗುಂಡುಸೂಜಿ ಚುಚ್ಚಿ ನೂಲಿನ ತುದಿ ಆ ತೂತಿಗೆ ತುರುಕಬೇಕು. ನಾಲ್ವರು ಚೆನ್ನಾಗಿ ಬಂದರು. ಐದನೆಯವನ ತಲೆ ಕರಗಿತು.

ಒಟ್ಟಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಗೊಂಬೆಗೆ ನಾಲ್ಕೂವರೆ, ಉಳಿದದ್ದು ಬಣ್ಣದ ಸೆಟ್ಟು ಮತ್ತು ಡಬ್ಬದ ಮೌನ ಕಡಿಮೆ ಮಾಡಿದ್ದು. ನಮ್ಮ ಊರಿನವರಾದರೆ ದೀಪಾವಳಿ ಕಳೆದ ಮೇಲೆ ತರಿಸಿ. ಆಟಿಯ ಥಂಡಿಗೆ ಪ್ರೈಮರ್ ಎರಡು ದಿನವಾದರೂ ಕೈಗೆ ಅಂಟುತ್ತದೆ, ರಟ್ಟಿನ ಡಬ್ಬಕ್ಕೆ ಬೂಸ್ಟು ಬರುತ್ತದೆ.

ಮೊನ್ನೆ ರಿಟೈರ್ಡ್ ಹೆಡ್‌ಮಾಸ್ಟರರೊಬ್ಬರು ಫೋಟೋಕ್ಕೆ ಬಂದಿದ್ದರು. ಸ್ಟೂಲಿನ ಕಾಲ ಹತ್ತಿರ ಒಬ್ಬ ಇಂಗ್ಲಿಷ್ ಸಿಪಾಯಿ ಬಿದ್ದಿದ್ದ, ನಾನು ನೋಡಿರಲಿಲ್ಲ. ಅವರು ಬಗ್ಗಿ ಹೆಕ್ಕಿದರು. ಕನ್ನಡಕ ಹಣೆಗೆ ಏರಿಸಿ ತಿರುಗಿಸಿ ತಿರುಗಿಸಿ ನೋಡಿದರು. "ಕಾಲರ್ ಹಳದಿಯಾ? ಯಾವ ರೆಜಿಮೆಂಟಿನವನು ಇವ?" ಅಂದರು. ಆಮೇಲೆ ಬಾಗಿಲ ಕಡೆ ಒಮ್ಮೆ ತಿರುಗಿ, ಸಣ್ಣ ಸ್ವರದಲ್ಲಿ ಡಬ್ಬಕ್ಕೆ ಎಷ್ಟಾಯಿತು ಅಂತ ಕೇಳಿದರು.