ಶಿವಮೊಗ್ಗದ ಶುಚಿತ್ವ ತರಬೇತಿ: ಊಟದ ಮೇಲೆ ಹೋದ್ರೂ ಸಾಕು

ಸಾಗರದ ಹತ್ರ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಹೋದ ತಿಂಗಳು ಶಿವಮೊಗ್ಗದಲ್ಲಿ ಆಹಾರ ತಯಾರಿಸುವವರಿಗೆ ಅಂತ ನಡೆದ ಒಂದು ದಿನದ ಶುಚಿತ್ವ ತರಬೇತಿಗೆ ಹೋಗಿದ್ದೆ. ನಡೆಸಿದವರ ಹೆಸರು ಬೇಡ, ಬೈಯೋದೂ ಇದೆ.

ಬೆಳಗಿನ ಹೊತ್ತು ಪೂರಾ ದಂಡ. ಸ್ಲೈಡ್ ಎಲ್ಲಾ ಇಂಗ್ಲಿಷಿನಲ್ಲಿ, ಅದನ್ನೇ ಓದಿದರು. ಅಮೆರಿಕದ ಮೀನು ಕಾರ್ಖಾನೆಗಳಿಗೆ 1997ರಿಂದ ಇರುವ ನಿಯಮದ 8 ಅಂಶ, ನೀರಿನಿಂದ ಹಿಡಿದು ಇಲಿ, ಜಿರಳೆವರೆಗೆ. ವಿಷಯ ಒಳ್ಳೇದೇ. ಆದ್ರೆ ಪಕ್ಕದಲ್ಲಿದ್ದ ಮೀನಂಗಡಿ ಅಕ್ಕ ತೂಕಡಿಸುತ್ತಿದ್ದರು.

ಊಟ ಆದ ಮೇಲೆ ಬೇರೆ ಮೇಡಂ ಬಂದರು, ಕೈಯಲ್ಲಿ ಬಕೆಟ್ಟು, ಮೀನು ಹೆಚ್ಚಿದ ಮಣೆ. ಹೇಗೆ ತೊಳೀತೀರಿ ಅಂದಾಗ ನಾನು ಜಂಬದಿಂದ 'ಸೋಪಿನ ನೀರಿಗೇ ಬ್ಲೀಚಿಂಗ್ ಪುಡಿ ಹಾಕ್ತೀವಿ' ಅಂದೆ. ಮೇಡಂ ನಕ್ಕರು. 10 ಲೀಟರ್ ನೀರಿಗೆ ಶೇ 5ರ ಬ್ಲೀಚ್ ದ್ರಾವಣ 40 ಎಂಎಲ್ ಹಾಕಿ, ಅಂದ್ರೆ 200 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 200 ಪಾಲು ಕ್ಲೋರಿನ್), ಕ್ಲೋರಿನ್ ಎಷ್ಟಿದೆ ಅಂತ ತೋರಿಸೋ ಕಾಗದದ ಪಟ್ಟಿ ಅದ್ದಿದರು, ಕಡು ನೇರಳೆ ಬಂತು. ಅದೇ ನೀರಲ್ಲಿ ಲೋಳೆ ಹತ್ತಿದ ಮಣೆ ಉಜ್ಜಿ ಮತ್ತೆ ಅದ್ದಿದರೆ ಬಣ್ಣ ಸಪ್ಪೆ! ಕ್ಲೋರಿನ್ ಎಲ್ಲಾ ಕೊಳೆಗೇ ಖರ್ಚಾಗಿತ್ತು. ಮೊದಲು ಕೆರೆದು ಸೋಪಲ್ಲಿ ಉಜ್ಜಿ, ಚೆನ್ನಾಗಿ ಜಾಲಿಸಿ, ಆಮೇಲೆ ಕ್ಲೋರಿನ್ ನೀರು. ಇಷ್ಟು ವರ್ಷ ನಾವು ಸುಮ್ನೆ ಪುಡಿ ಹಾಳು ಮಾಡಿದ್ದು.

ಆಗ ಅಕ್ಕನಿಗೂ ನಿದ್ದೆ ಹಾರಿತ್ತು. 'ಬಂಗುಡೆ ಸ್ವಲ್ಪ ಬಾಡಿದ್ರೂ ಚೆನ್ನಾಗಿ ಹುರಿದ್ರೆ ಸರಿಹೋಗುತ್ತಲ್ವಾ ಮೇಡಂ?' ಇಲ್ಲವಂತೆ. ಬಂಗುಡೆ ಬೆಚ್ಚಗಾದರೆ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಅನ್ನೋ, ಅಲರ್ಜಿ ತರಹ ತೊಂದರೆ ಕೊಡೋ ವಸ್ತು ಹುಟ್ಟುತ್ತೆ, ಹುರಿದಾಗ ಬ್ಯಾಕ್ಟೀರಿಯಾ ಸಾಯಬಹುದು, ಅದು ಮಾತ್ರ ಹೋಗಲ್ಲ. ಮಲ್ಪೆಯಿಂದ ಆಗುಂಬೆ ಘಾಟಿ ಹತ್ತಿ ಬರುವಷ್ಟರಲ್ಲಿ ಐಸ್ ಕರಗಿದ್ರೆ ಕೆಲಸ ಕೆಟ್ಟ ಹಾಗೇ. ಅಕ್ಕ ಆಮೇಲೆ ಬಹಳ ಹೊತ್ತು ಮಾತೇ ಆಡಲಿಲ್ಲ.

ಕೊರತೆ ಅಂದ್ರೆ ಕೈ ತೊಳೆಯೋದಕ್ಕೆ ಹತ್ತೇ ನಿಮಿಷ ಕೊಟ್ಟರು, ಆ ಪಟ್ಟಿ ಎಲ್ಲಿ ಸಿಗುತ್ತೆ ಅಂತ ಹೇಳಲಿಲ್ಲ, ಸರ್ಟಿಫಿಕೇಟಿಗೆ ಮೂರು ವಾರ ಕಾಯಿಸಿದರು. ಇನ್ನೊಂದು, ತೊಳೆದದ್ದನ್ನು ಬಟ್ಟೆಯಲ್ಲಿ ಒರೆಸಬೇಡಿ, ಗಾಳಿಗೇ ಒಣಗಿಸಿ ಅಂದರು. ಆಷಾಢದ ಜಡಿಮಳೆಯಲ್ಲಿ ಎಲ್ಲಿ ಒಣಗುತ್ತೆ ಅಂತ ಕೇಳಿದೆ. ಫ್ಯಾನ್ ಹಾಕಿ ಅಂದರು. ಪಾಪ, ನಮ್ಮೂರ ಕರೆಂಟ್ ಅವರಿಗೆ ಗೊತ್ತಿಲ್ಲ. ಸದ್ಯಕ್ಕೆ ಮಣೆ, ಚಾಕು ಎರಡೆರಡು ಜೊತೆ ತಂದಿಟ್ಟಿದ್ದೇವೆ, ಒಂದು ಒಣಗೋವರೆಗೆ ಇನ್ನೊಂದು.